ನಿಂಗಣ್ಣ ಬೀದಿಯಲ್ಲಿ ಬಿದ್ದ ಆಷಾಢ

ಮೊನ್ನೆ ಸಂಜೆ ಬ್ಯಾಡರಹಳ್ಳಿಯಲ್ಲಿ ನಮ್ಮ ಮನೆ ಹತ್ತಿರದ ಮೆಡಿಕಲ್ ಶಾಪಿಗೆ ಹೋಗಿದ್ದೆ. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು ಗ್ಲೂಕೋಸ್ ಪುಡಿಯ ಡಬ್ಬಿ ಕೊಂಡರು. ಸೊಂಟದ ಮೇಲಿದ್ದ ಮಗು ಹಟ ಮಾಡಿತು ಅಂತ ಅಲ್ಲೇ ಮುಚ್ಚಳ ತೆಗೆದು ಅದರ ಅಂಗೈಗೆ ಒಂದಿಷ್ಟು ಪುಡಿ ಹಾಕಿದರು. ಆ ಕಿತ್ತಳೆ ವಾಸನೆ ಮೂಗಿಗೆ ಬಂದದ್ದೇ ತಡ, ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಕೊಳ್ಳಬೇಕಾದ ಮಾತ್ರೆ ಕೊಳ್ಳದೆ, ಅಂಗಡಿಯವರು ಕರೆಯುತ್ತಿದ್ದರೂ ತಿರುಗಿ ನೋಡದೆ, ಮಾಗಡಿ ರಸ್ತೆಯ ಧೂಳಿನಲ್ಲಿ ಸರಸರ ನಡೆದು ಮನೆಗೆ ಬಂದೆ. ನಮ್ಮ ಮನೆಯವರು ಸೋಫಾ ಮೇಲೆ ಕೂತು ಮರುದಿನದ ಡೈಲಾಗ್ ಓದಿಕೊಳ್ಳುತ್ತಿದ್ದರು. ಯಾಕೆ, ಏನಾಯ್ತು ಅಂದರು. ಏನಿಲ್ಲ ಅಂದೆ. ನಿಜಕ್ಕೂ ಏನೂ ಆಗಿರಲಿಲ್ಲ. ಆದರೂ ಹತ್ತಿರ ಹೋಗಿ ಹಣೆ ಮುಟ್ಟಿ ನೋಡಿದೆ. ಬೆವರಿರಲಿಲ್ಲ.

ಇವರು ಈಗ ಒಂದು ಧಾರಾವಾಹಿಯಲ್ಲಿ ನಾಯಕಿಯ ದೊಡ್ಡಪ್ಪ. ಬಿಳಿ ಪಂಚೆ, ಕನ್ನಡಕ, ಅಳೆದು ತೂಗಿ ಆಡುವ ಮಾತು. ತರಕಾರಿ ಅಂಗಡಿಯಲ್ಲಿ ಜನ ಒಂದು ಗಳಿಗೆ ದಿಟ್ಟಿಸಿ, ಎಲ್ಲೋ ನೋಡಿದ ಹಾಗಿದೆಯಲ್ಲ ಅಂದುಕೊಂಡು ಸುಮ್ಮನಾಗುತ್ತಾರೆ. ಅದಕ್ಕೆ ಮುಂಚೆ, ನಾವು ಹೊಸಹಳ್ಳಿಯಲ್ಲಿ ಬಾಡಿಗೆಗಿದ್ದ ಕಾಲದಲ್ಲಿ ಹಾಗಿರಲಿಲ್ಲ. ಆಗ ಇವರ ಹೆಸರು ಸೋಮಶೇಖರ ಅಂತ ಗೊತ್ತಿದ್ದವರು ನಾನು, ನಮ್ಮ ಅತ್ತೆ, ಮಗಳು ಸಿಂಚನ, ಇನ್ನು ನಾಲ್ಕು ಜನ ನೆಂಟರು ಅಷ್ಟೇ. ಮಿಕ್ಕವರಿಗೆಲ್ಲ ಇವರು ನೈಂಟಿ ನಿಂಗಣ್ಣ.

ಟೀವಿಯಲ್ಲಿ ವಾರಾಂತ್ಯಕ್ಕೆ ಬರುತ್ತಿದ್ದ ಒಂದು ಹಾಸ್ಯ ಕಾರ್ಯಕ್ರಮದಲ್ಲಿ ಇವರದು ಕುಡುಕನ ಪಾತ್ರ. ಪ್ರತಿ ಕಂತಿನಲ್ಲೂ ನಿಂಗಣ್ಣ ಸಂಜೆ ತೂರಾಡಿಕೊಂಡು ಮನೆಗೆ ಬರುತ್ತಾನೆ, ಹೆಂಡತಿ ಪೊರಕೆ ಹಿಡಿದು ಕಾದಿರುತ್ತಾಳೆ. ಕತೆ ಅಷ್ಟೇ. ಆದರೆ ಜನ ಕಾಯುತ್ತಿದ್ದದ್ದು ಆ ನಡಿಗೆಗೆ. ಎಡಗಾಲು ಮುಂದಿಡುವ ಮುಂಚೆ ಕೆಳಗೆ ನೆಲ ಇದೆಯಾ ಅಂತ ಕೇಳಿಕೊಂಡ ಹಾಗೆ ಒಂದು ತಡವರಿಕೆ. ಮನೆ ಬಾಗಿಲಿಗೆ ಬಂದಮೇಲೆ ಚಪ್ಪಲಿ ಕಳಚಿ, ಬಗ್ಗಿ, ಅವೆರಡನ್ನೂ ಮಗು ಮಲಗಿಸಿದ ಹಾಗೆ ಅಕ್ಕಪಕ್ಕ ಜೋಡಿಸಿ, ಆಮೇಲೆ ಮುಚ್ಚಿದ ಬಾಗಿಲಿಗೆ ಒಂದು ಸಲಾಮು. ಸಣ್ಣ ಮಕ್ಕಳೂ ಶಾಲೆಯಲ್ಲಿ ಅದನ್ನು ಮಾಡಿ ತೋರಿಸುತ್ತಿದ್ದರು.

ಮನೆಯಲ್ಲಿ ಮಾತ್ರ ಆ ನಡಿಗೆಗೆ ಬೇರೆ ಹೆಸರಿತ್ತು. ಅದು ನನ್ನ ಮಾವನ ನಡಿಗೆ. ಅವರು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸ ಮಾಡುತ್ತಿದ್ದವರು, ಸಂಬಳದ ದಿನ ಅಂತಿಲ್ಲದೆ ಕುಡಿಯುತ್ತಿದ್ದವರು. ನಾನು ಮದುವೆಯಾಗಿ ಬರುವ ಹೊತ್ತಿಗೆ ಗೋಡೆಯ ಮೇಲಿನ ಫೋಟೋ ಆಗಿದ್ದರು. ಕಾರ್ಯಕ್ರಮದ ಮೊದಲ ವಾರ ಇವರೇ ನನಗೆ ಹೇಳಿದ್ದರು, ಬೇರೆ ಏನೇನೋ ಮಾಡಿ ನೋಡಿದೆ, ಯಾರೂ ನಗಲಿಲ್ಲ, ಕೊನೆಗೆ ಅಪ್ಪನ್ನ ಮಾಡಿದೆ, ಲೈಟ್ ಹುಡುಗರೂ ನಕ್ಕರು ಅಂತ. ಅತ್ತೆ ಆಗ ಬಸವೇಶ್ವರನಗರದಲ್ಲಿ ನಮ್ಮ ಭಾವನ ಮನೆಯಲ್ಲಿದ್ದರು. ಮಗನ ಕಾರ್ಯಕ್ರಮ ಶುರುವಾದರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದರಂತೆ.

ಇವರು ಒಂದು ತೊಟ್ಟೂ ಕುಡಿದವರಲ್ಲ. ಅಪ್ಪನನ್ನು ನೋಡಿದ ಮೇಲೆ ಆ ಕಡೆ ತಲೆಯೇ ಹಾಕಲಿಲ್ಲ. ಆದರೆ ಯಾರ ಮದುವೆಗೆ ಹೋದರೂ ಗಂಡಸರು ಮೂಲೆಗೆ ಎಳೆಯುತ್ತಿದ್ದರು, ಹೆಂಗಸರು ನನ್ನನ್ನು ಮರುಕದಿಂದ ನೋಡುತ್ತಿದ್ದರು. ಮೊದಮೊದಲು ನಾನು ಇಲ್ಲಪ್ಪ, ಅವರು ಕುಡಿಯಲ್ಲ ಅಂತ ವಾದ ಮಾಡುತ್ತಿದ್ದೆ. ಆಮೇಲೆ ಬಿಟ್ಟೆ. ಇವರೇ ಬಿಡು ಪದ್ಮಾ, ನಂಬಿದಾರೆ ಅಂದ್ರೆ ನಾನು ಚೆನ್ನಾಗಿ ಮಾಡಿದೀನಿ ಅಂತ ತಾನೆ ಅನ್ನುತ್ತಿದ್ದರು. ಕುಡಿತ ಬರದಿದ್ದರೂ ಅಪ್ಪನಿಂದ ಸಕ್ಕರೆ ಕಾಯಿಲೆ ಬಂದಿತ್ತು. ಊಟಕ್ಕೆ ಮುಂಚೆ ಹೊಟ್ಟೆಗೆ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳಬೇಕು, ಚುಚ್ಚಿಕೊಂಡ ಮೇಲೆ ತಡ ಮಾಡದೆ ಊಟ ಮಾಡಬೇಕು. ಇದೊಂದು ನಿಯಮ ನಮ್ಮ ಮನೆಯಲ್ಲಿ ಗಡಿಯಾರಕ್ಕಿಂತ ದೊಡ್ಡದಾಗಿತ್ತು.

ಆ ವರ್ಷದ ಆಷಾಢದಲ್ಲಿ ಗಾಳಿ ವಿಪರೀತ. ಮಳೆ ಬರುವುದಿಲ್ಲ, ಮೋಡ ಹೋಗುವುದಿಲ್ಲ, ಹೊಸಹಳ್ಳಿಯ ಮನೆಯ ಕಿಟಕಿಗಳು ಇಡೀ ದಿನ ಪಟಪಟ ಬಡಿದುಕೊಳ್ಳುತ್ತಿದ್ದವು. ಶೂಟಿಂಗ್ ನಡೆಯುತ್ತಿದ್ದದ್ದು ಕೆಂಗೇರಿ ಆಚೆ ಒಂದು ಮನೆಯಲ್ಲಿ. ಅವತ್ತು ಇವರು ಊಟಕ್ಕೆಂದು ಸೂಜಿ ತಗೊಂಡಿದ್ದಾರೆ, ಅಷ್ಟರಲ್ಲಿ ಮೋಡ ಕವಿದು ಬೆಳಕು ಹೋಗುತ್ತೆ ಅಂತ ಇನ್ನೊಂದು ಶಾಟ್‌ಗೆ ಕರೆದಿದ್ದಾರೆ. ಒಂದು ಶಾಟ್ ಹೋಗಿ ಮೂರಾಗಿದೆ. ಮುಗಿದಾಗ ಊಟದ ಪಾತ್ರೆ ತೊಳೆಯುತ್ತಿದ್ದರು. ಹೇಗೂ ಮನೆಗೆ ಹೋಗಿ ತಿಂತೀನಿ ಅಂತ ಕೆಂಗೇರಿಯಲ್ಲಿ ಮೆಟ್ರೋ ಹತ್ತಿದ್ದಾರೆ. ದೀಪಾಂಜಲಿ ನಗರ ದಾಟಿದ್ದು ಇವರಿಗೆ ನೆನಪಿದೆ, ಕಿಟಕಿಯಲ್ಲಿ ಒಂದು ಹಸಿರು ನೀರಿನ ಟ್ಯಾಂಕ್ ನೋಡಿದ್ದು ನೆನಪಿದೆ. ಅಲ್ಲಿಂದಾಚೆಗೆ ಏನೂ ಇಲ್ಲ.

ಅಲ್ಲಿಂದಾಚೆಗಿನದು ಊರಿಗೆಲ್ಲ ಗೊತ್ತು. ಹೊಸಹಳ್ಳಿ ಸ್ಟೇಷನ್ ಮೆಟ್ಟಿಲು ಇಳಿದು, ಕೆಳಗಿನ ಫುಟ್‌ಪಾತಿನಲ್ಲಿ ಇವರು ತೂರಾಡಿದರು. ಕಂಬ ಹಿಡಿದರು. ಕೂತರು, ಎದ್ದರು, ಬಿದ್ದರು. ಸುತ್ತ ನಿಂತವರು ನಿಂಗಣ್ಣ, ನಿಂಗಣ್ಣ ಅಂತ ಗುರುತು ಹಿಡಿದರು. ಕೆಲವರು ಶೂಟಿಂಗ್ ಅಂದುಕೊಂಡು ಕ್ಯಾಮೆರಾ ಹುಡುಕಿದರು, ಮಿಕ್ಕವರು ನಿಜವಾಗಿಯೇ ಹಾಕಿದ್ದಾನೆ ಅಂದರು. ಎಲ್ಲರೂ ನಕ್ಕರು. ಫೋನುಗಳು ಮೇಲೆದ್ದವು.

ಒಬ್ಬ ಆಟೋ ಡ್ರೈವರ್ ಇವರನ್ನು ಮನೆಗೆ ತಂದು ಬಿಟ್ಟ. ಮನೆ ಅವನಿಗೆ ಗೊತ್ತಿತ್ತು, ಆ ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆಂಟಿ, ಸ್ವಲ್ಪ ಜಾಸ್ತಿ ಆಗ್ಬಿಟ್ಟಿದೆ ಅವರಿಗೆ, ಬಯ್ಬೇಡಿ, ಮಲಗಿಸಿ ಅಂದ. ನಾನು ಶರ್ಟ್ ಮುಟ್ಟಿದೆ, ಬಾವಿಯಿಂದ ಎತ್ತಿದ ಹಾಗೆ ಒದ್ದೆ. ಸಕ್ಕರೆ ಇಳಿದಿದೆ ಅಂತ ತಕ್ಷಣ ಗೊತ್ತಾಯಿತು. ಗ್ಲೂಕೋಸ್ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ಇವರ ಒಸಡಿಗೆ ಉಜ್ಜಿದೆ, ಆಮೇಲೆ ಸ್ವಲ್ಪ ಸ್ವಲ್ಪ ಕುಡಿಸಿದೆ. ನನ್ನ ಸೀರೆಯೆಲ್ಲ ಕಿತ್ತಳೆ ನೀರು. ಸ್ವಲ್ಪ ಹೊತ್ತಿಗೆ ಇವರ ಕಣ್ಣಿಗೆ ಇವರೇ ವಾಪಸು ಬಂದರು. ಆಟೋದವನಿಗೆ ಕಾಫಿ ಕೊಟ್ಯಾ ಅಂತ ಕೇಳಿದರು.

ಸಂಜೆಯೊಳಗೆ ವಿಡಿಯೋ ನನ್ನ ಫೋನಿಗೇ ಬಂತು. ಕಳಿಸಿದವರು ನನ್ನ ಸ್ವಂತ ಚಿಕ್ಕಮ್ಮನ ಮಗಳು, ಜೊತೆಗೆ ಕೈಮುಗಿದ ಚಿತ್ರ. ನಾನು ಪೂರ್ತಿ ನೋಡಿದೆ. ಅದರಲ್ಲಿ ಒಂದು ಕಡೆ ಇವರು ತೊದಲುತ್ತಾ "ಸಕ್ಕರೆ... ಸಕ್ಕರೆ ಕೊಡ್ರಪ್ಪಾ" ಅನ್ನುತ್ತಾರೆ. ಹಿಂದಿನಿಂದ ಯಾರೋ "ನಿಂಗಣ್ಣ ಈಗ ಕಾಫಿಗೆ ಬಂದಿದಾನೆ ಮಗಾ" ಅನ್ನುತ್ತಾರೆ, ಎಲ್ಲರೂ ಹೋ ಅಂತ ನಗುತ್ತಾರೆ. ನಾನು ಅದನ್ನು ಮತ್ತೆ ನೋಡಲಿಲ್ಲ, ನೋಡುವುದು ಬೇಕಾಗಿಯೂ ಇರಲಿಲ್ಲ. ಕಿವಿಯೊಳಗೆ ತಾನೇ ಓಡುತ್ತಿತ್ತು.

ಆ ಮೇಲಿನ ದಿನಗಳು ಹೇಗಿದ್ದವು ಅಂದರೆ, ಕೂತರೆ ನಿಲ್ಲಬೇಕು ಅನ್ನಿಸುತ್ತಿತ್ತು, ನಿಂತರೆ ಎಲ್ಲಾದರೂ ಹೋಗಬೇಕು ಅನ್ನಿಸುತ್ತಿತ್ತು. ಫೋನ್ ಬಂದರೂ ಹೆದರಿಕೆ, ಬಾರದಿದ್ದರೂ ಹೆದರಿಕೆ. ಇವರು ಡಾಕ್ಟರ ರಿಪೋರ್ಟ್ ಕೈಯಲ್ಲಿ ಹಿಡಿದು, ನನಗೆ ಸಕ್ಕರೆ ಕಡಿಮೆಯಾಗಿತ್ತು, ನಾನು ಕುಡಿಯುವುದಿಲ್ಲ ಅಂತ ತಾವೇ ಒಂದು ವಿಡಿಯೋ ಮಾಡಿ ಹಾಕಿದರು. ಹಾಕಬಾರದಿತ್ತು. ಡಾಕ್ಟರಿಗೂ ಒಂದು ನೈಂಟಿ ಹಾಕಿಸಿದ್ಯಾ ನಿಂಗಣ್ಣ ಅಂತ ಕೆಳಗೆ ಬರೆದರು. ಇವರು ಗಂಭೀರವಾಗಿ ಏನು ಹೇಳಿದರೂ ಅದು ಜನರಿಗೆ ನಿಂಗಣ್ಣನ ಮಾತೇ. ಕಂಬ ಹಿಡಿದು ನಿಂತ ಇವರ ಚಿತ್ರ ಸ್ಟಿಕ್ಕರ್ ಆಯಿತು. ಶುಕ್ರವಾರ ಸಂಜೆಯಾದರೆ ಜನ ಅದನ್ನು ಒಬ್ಬರಿಗೊಬ್ಬರು ಕಳಿಸಿಕೊಳ್ಳುತ್ತಿದ್ದರು. ಸಿಂಚನಳ ಕಾಲೇಜಿನ ಗ್ರೂಪಿಗೂ ಬಂತು. ಅವಳು ಅಳಲಿಲ್ಲ, ಗ್ರೂಪನ್ನೂ ಬಿಡಲಿಲ್ಲ. ಊಟಕ್ಕೆ ಕೂತಾಗ ಮಾತ್ರ, ಅಪ್ಪಾ, ಈ ಪಾತ್ರ ಇನ್ನೂ ಎಷ್ಟು ದಿನ ಮಾಡ್ತೀಯ ಅಂತ ಕೇಳಿದಳು. ಇವರು ತಟ್ಟೆ ನೋಡಿದರು.

ಅತ್ತೆ ಬಂದದ್ದು ಆ ವಾರವೇ. ಭಾವ ಸ್ಕೂಟರಿನಲ್ಲಿ ತಂದು ಬಿಟ್ಟರು, ಕೈಯಲ್ಲಿ ಬಟ್ಟೆಯ ಚೀಲ. ಯಾರೋ ಮೊಮ್ಮಕ್ಕಳು ಫೋನಿನಲ್ಲಿ ತೋರಿಸಿದ್ದರಂತೆ. ಕೊಂಚ ದಿನ ಇಲ್ಲೇ ಇರ್ತೀನಿ ಪದ್ಮಾ ಅಂದು, ಸೆರಗು ಸಿಕ್ಕಿಸಿಕೊಂಡು ಬೆಳ್ಳುಳ್ಳಿ ಸುಲಿಯಲು ಕೂತರು. ನಾನು ಅವರಿಗೆ ಎಲ್ಲ ಹೇಳಿದೆ. ಸೂಜಿ, ಊಟ, ಬೆವರು, ಎಲ್ಲ. ಹೂಂ ಹೂಂ ಅಂದರು. ಸಂಜೆ ಇವರು ಬಂದಾಗ ಎದ್ದು ಬಾಗಿಲಿಗೆ ಹೋಗಿ, ಕೈಯಿಂದ ಚೀಲ ತಗೊಳ್ಳುವ ನೆಪದಲ್ಲಿ ತೀರಾ ಹತ್ತಿರ ನಿಂತರು. ಒಂದು ಉಸಿರು ಎಳೆದುಕೊಂಡರು. ಆಮೇಲೆ ಸರಿದು ಜಾಗ ಬಿಟ್ಟರು.

ಪ್ರತಿ ಸಂಜೆಯೂ ಹೀಗೇ. ಇವರಿಗೂ ಗೊತ್ತಾಗುತ್ತಿತ್ತು, ನನಗೂ ಗೊತ್ತಾಗುತ್ತಿತ್ತು. ಊರೆಲ್ಲ ನಗಲಿ, ಅದನ್ನು ಇವರು ಹೇಗೋ ತಡೆದುಕೊಂಡಿದ್ದರು. ಆದರೆ ಅಮ್ಮ ನಂಬಿಬಿಟ್ಟಳಲ್ಲ ಅನ್ನುವುದು ಇವರನ್ನು ಒಳಗಿನಿಂದ ಕೊರೆಯುತ್ತಿತ್ತು. ಒಂದು ದಿನ ಬಾಗಿಲಲ್ಲೇ ತಡೆಯಲಾರದೆ ಬಗ್ಗಿ, ಅತ್ತೆಯ ಮುಖಕ್ಕೆ ಹಾ ಅಂತ ಉಸಿರು ಬಿಟ್ಟರು.

"ನೋಡಮ್ಮ. ಸರಿಯಾಗಿ ನೋಡು. ಇದೆಯಾ ವಾಸನೆ?"

ಅತ್ತೆ ಹಿಂದೆ ಸರಿಯಲಿಲ್ಲ. ಕಣ್ಣು ಮಿಟುಕಿಸಲಿಲ್ಲ.

"ನಿಮ್ಮಪ್ಪನೂ ಹೀಗೇ ಊದಿ ತೋರಿಸ್ತಿದ್ರು ಕಣೋ. ಏಲಕ್ಕಿ ಅಗಿದುಕೊಂಡು ಬಂದು."

ಇವರು ಚಪ್ಪಲಿ ಬಿಡದೆ ಹಾಗೇ ತಿರುಗಿ ಹೊರಗೆ ಹೋದರು. ಎಷ್ಟೋ ಹೊತ್ತಿನ ಮೇಲೆ, ವಿಜಯನಗರದ ತನಕ ನಡೆದುಕೊಂಡು ಹೋಗಿ ಬಂದೆ ಅಂದರು.

ಇನ್ನೊಂದು ಕಡೆ ಕೆಲಸದ ಗೋಳು. ನಿರ್ಮಾಪಕರು ಮೊದಲು ಹೆದರಿದ್ದರು, ಕಾರ್ಯಕ್ರಮಕ್ಕೆ ಕೆಟ್ಟ ಹೆಸರು ಬರುತ್ತೇನೋ ಅಂತ. ಆದರೆ ಜನ ಹಳೆಯ ಕಂತುಗಳನ್ನೆಲ್ಲ ಹುಡುಕಿ ಹುಡುಕಿ ನೋಡತೊಡಗಿದ್ದೇ, ಅವರ ದನಿ ಬದಲಾಯಿತು. ನಿಂಗಣ್ಣ ಮೆಟ್ರೋ ಸ್ಟೇಷನ್ ಕೆಳಗೆ ಬೀಳುವ ಹಾಗೆಯೇ ಒಂದು ಕಂತು ಮಾಡೋಣ, ನೀವೇ ನಿಮ್ಮನ್ನ ಆಡಿಕೊಂಡರೆ ಜನ ಮೆಚ್ಚಿಕೊಳ್ಳುತ್ತಾರೆ ಅಂದರು. ಇವರು ಒಪ್ಪಿದರು. ನನಗೆ ಕೋಪ ಬಂತು. ಇವರು ಸಮಾಧಾನದಿಂದಲೇ, ನಾನು ನಟ, ನನ್ನ ಮೇಲೆ ಬಿದ್ದ ಕಲ್ಲಲ್ಲೇ ಮನೆ ಕಟ್ಟಬೇಕು ಅಂದರು.

ಆದರೆ ಕಟ್ಟಲಾಗಲಿಲ್ಲ. ಸೆಟ್ಟಿನಲ್ಲಿ ಕಂಬ ನಿಲ್ಲಿಸಿದ್ದರು, ಜನರನ್ನು ನಿಲ್ಲಿಸಿದ್ದರು, ಇವರ ಕಾಲು ಬರಲಿಲ್ಲ. ತೂರಾಡಿದರೆ ಬರೀ ತೂರಾಟ, ನಡಿಗೆಯಲ್ಲ. ಒಂದು ಸಲ, ಎರಡು ಸಲ, ಮತ್ತೆ ಮತ್ತೆ. ನಿರ್ದೇಶಕ ಹುಡುಗ ಒಳ್ಳೆಯವನು, ಪಕ್ಕಕ್ಕೆ ಕರೆದು, ಸಾರ್, ಸ್ವಲ್ಪ ಹಾಕಿಕೊಂಡು ಬೇಕಾದರೂ ಬನ್ನಿ, ಯಾರಿಗೂ ಹೇಳಲ್ಲ ಅಂದನಂತೆ. ಎಂಟು ವರ್ಷ ಜೊತೆಗೆ ಕೆಲಸ ಮಾಡಿದ ಹುಡುಗ. ಇದನ್ನು ಹೇಳುತ್ತಾ ಇವರು ನಕ್ಕರು, ನಾನು ನಗಲಿಲ್ಲ.

ಆಮೇಲೆ ಇವರಿಗೆ ಒಂದೇ ಹಠ, ಆ ನಡಿಗೆ ವಾಪಸು ಬರಬೇಕು. ಬೆಳಿಗ್ಗೆ ಎದ್ದು ಟೆರೇಸಿಗೆ ಹೋಗುವುದು, ನೀರಿನ ಟ್ಯಾಂಕಿನಿಂದ ಬಟ್ಟೆ ಒಣಹಾಕುವ ತಂತಿಯ ತನಕ ತೂರಾಡುತ್ತಾ ನಡೆಯುವುದು, ತಿರುಗಿ ಬರುವುದು. ಗಾಳಿಗೆ ಒಣಹಾಕಿದ ಸೀರೆಗಳು ಇವರ ಮುಖಕ್ಕೆ ಬಡಿಯುತ್ತಿದ್ದವು. ಪಕ್ಕದ ಮನೆಯ ಆಂಟಿ ತುಳಸಿಗೆ ನೀರು ಹಾಕಲು ಬಂದವರು ಅದನ್ನು ನೋಡಿ, ಬೆಳಗಾಗೆದ್ದೇ ಶುರುವಾಗಿದೆ ಅಂತ ಬೀದಿಗೆಲ್ಲ ಹೇಳಿದರು. ನಾನು ಕಾಫಿ ಹಿಡಿದುಕೊಂಡು ಮೇಲೆ ಹೋದಾಗ ಇವರು ಟ್ಯಾಂಕಿಗೆ ಒರಗಿ ಕೂತಿದ್ದರು.

"ಮೊದಲು ಕಾಲು ತಪ್ಪಿಸೋದು ನನ್ನ ಕೈಲಿತ್ತು ಪದ್ಮಾ. ಈಗ ತಪ್ಪಿಸಿದ ತಕ್ಷಣ ಆ ಫುಟ್‌ಪಾತ್ ಬರುತ್ತೆ. ಅವರೆಲ್ಲ ನಗ್ತಿರೋದು ಕೇಳ್ಸುತ್ತೆ. ನಾನು ನಿಂತುಬಿಡ್ತೀನಿ."

ಕಾಫಿ ಆರಿಹೋಗುತ್ತೆ, ಕುಡಿಯಿರಿ ಅಂದೆ.

ಶ್ರಾವಣ ಬಂತು. ಶನಿವಾರದ ಪೂಜೆ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಇದೆ, ಅತ್ತೆ ಇದ್ದದ್ದರಿಂದ ಆ ಸಲ ಇನ್ನೂ ಜೋರು. ತಂಬಿಟ್ಟಿನ ಆರತಿ, ಪುಳಿಯೋಗರೆ, ಪಾಯಸ. ನೈವೇದ್ಯ ಆಗುವ ತನಕ ಯಾರೂ ಏನೂ ಮುಟ್ಟುವ ಹಾಗಿಲ್ಲ. ಇವರು ಇನ್ನೇನು ಊಟ ಅಂದುಕೊಂಡು ಸೂಜಿ ತಗೊಂಡುಬಿಟ್ಟಿದ್ದರು. ಅಷ್ಟರಲ್ಲಿ ಗ್ಯಾಸ್ ಖಾಲಿಯಾಯಿತು, ಪಾಯಸ ಇನ್ನೂ ಅರ್ಧ ಬೆಂದಿತ್ತು. ಹೊಸ ಸಿಲಿಂಡರ್ ಜೋಡಿಸಿ, ಒಲೆ ಹಚ್ಚಿ, ಆ ಗಡಿಬಿಡಿಯಲ್ಲಿ ನಾನು ಇವರ ಕಡೆ ನೋಡಲಿಲ್ಲ.

ನೋಡಿದಾಗ ಇವರು ದೇವರ ಮುಂದೆ ನಿಂತು ಗಂಟೆ ಹುಡುಕುತ್ತಿದ್ದರು. ಗಂಟೆ ಕೈಯಲ್ಲೇ ಇತ್ತು. ಸಿಂಚನಾ, ಗಂಟೆ ಎಲ್ಲಿಟ್ಟೆ ಅಂತ ಕೇಳಿದರು, ನಾಲಿಗೆ ದಪ್ಪವಾಗಿತ್ತು. ಒಂದು ಹೆಜ್ಜೆ ಇಟ್ಟರು, ಎಡಗಾಲು ನೆಲ ಹುಡುಕಿತು. ಆರತಿ ತಟ್ಟೆ ಉರುಳಿತು.

ಅತ್ತೆ ಎದ್ದು ನಿಂತರು. ಅಂಥ ದನಿ ಅವರದು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಅದು ಕೂಗೂ ಅಲ್ಲ.

"ಶ್ರಾವಣ ಶನಿವಾರನೂ ಬಿಡಲಿಲ್ವೇನೋ ನೀನು?"

ಸಿಂಚನ ಆಗಲೇ ಡಬ್ಬಿ ತಂದಿದ್ದಳು. ಅಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿ, ಗ್ಲೂಕೋಸ್ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ಇವರು ಲೋಟ ತಳ್ಳಿದರು, ಅವಳು ಬಿಡಲಿಲ್ಲ. ನಾನು ಸೆರಗಿನಿಂದ ಇವರ ಕುತ್ತಿಗೆಯ ಬೆವರು ಒರೆಸುತ್ತಿದ್ದೆ. ಅತ್ತೆ ನಿಂತಲ್ಲೇ ನಿಂತು ನೋಡುತ್ತಿದ್ದರು. ಇವರ ತುಟಿಗೆ ಬಣ್ಣ ಬಂತು. ಕಣ್ಣಿನ ಮೇಲಿನ ಪೊರೆ ಸರಿಯಿತು. ಇವರು ಸುತ್ತ ನೋಡಿ, ಉರುಳಿದ ತಟ್ಟೆ ನೋಡಿ, ಸರಿಯಾದ ಮಾತಿನಲ್ಲಿ, ಅಯ್ಯೋ ಅಮ್ಮ, ಆರತಿ ಚೆಲ್ಲಿಬಿಟ್ನಾ ಅಂದರು.

ಅತ್ತೆ ನಿಧಾನವಾಗಿ ಮಗನ ಎದುರು ಕೂತರು. ಲೋಟ ಎತ್ತಿ ಮೂಸಿದರು. ಮಗನ ಬೆವರಿದ ಕೈ ಹಿಡಿದುಕೊಂಡರು.

"ಇದೇನಾ ಅವತ್ತು ಆಗಿದ್ದು?"

ಇವರು ಹೂಂ ಅಂದರು.

"ಅಷ್ಟು ಜನ ನಿಂತಿದ್ರಲ್ಲೋ. ಒಬ್ರೂ ಒಂದು ಚಮಚ ಸಕ್ಕರೆ ಕೊಡಲಿಲ್ವಾ?"

ಅವತ್ತು ಪೂಜೆ ಅರ್ಧಕ್ಕೇ ನಿಂತಿತು, ಊಟ ಮೊದಲು ಆಯಿತು. ಆ ಸಂಜೆ ಇವರು ಅಂಗಡಿಗೆ ಹೋಗಿ ಬಂದಾಗ ಅತ್ತೆ ಬಾಗಿಲಿಗೆ ಹೋಗಲಿಲ್ಲ. ನನಗೆ ದೊಡ್ಡ ಭಾರ ಇಳಿದ ಹಾಗಾಯಿತು, ಇವರು ಅವತ್ತು ಮಗಳ ಜೊತೆ ಕೂತು ಟೀವಿಯಲ್ಲಿ ಕ್ರಿಕೆಟ್ ನೋಡಿದರು. ಎಲ್ಲ ಸರಿಹೋಯಿತು ಅಂದುಕೊಂಡೆ.

ಸರಿಹೋದದ್ದು ನಮಗೆ. ಅತ್ತೆಗೆ ಅಲ್ಲಿಂದ ಶುರುವಾಯಿತು. ಅವರು ಒಂದು ಕಡೆ ಕೂರುತ್ತಿರಲಿಲ್ಲ. ಕಾಳು ಆರಿಸಲು ಕೂತವರು ಮೊರ ಬಿಟ್ಟು ಎದ್ದು ಗೇಟಿನ ತನಕ ಹೋಗಿ ಬರುತ್ತಿದ್ದರು. ಮಡಿಸಿದ ಬಟ್ಟೆ ಮತ್ತೆ ಮಡಿಸುತ್ತಿದ್ದರು. ನನ್ನನ್ನು ಹಿಡಿದು ಕೇಳುತ್ತಿದ್ದರು, ಸಕ್ಕರೆ ಇಳಿದರೆ ನಾಲಿಗೆ ಯಾವಾಗಲೂ ತೊದಲುತ್ತಾ, ಸಿಟ್ಟು ಬರುತ್ತಾ, ಆಮೇಲೆ ಏನಾಯಿತು ಅಂತ ಅವರಿಗೇ ನೆನಪಿರಲ್ವಾ, ಮಾತ್ರೆ ತಗೊಳ್ಳುವವರಿಗೂ ಹೀಗಾಗುತ್ತಾ, ಬರೀ ಸೂಜಿ ತಗೊಳ್ಳುವವರಿಗೆ ಮಾತ್ರನಾ. ಮಗನ ಮೇಲಿನ ಕಾಳಜಿ ಅಂದುಕೊಂಡು ನಾನು ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಕೆಲವು ಮಾತ್ರೆಗಳಿಂದಲೂ ಆಗುತ್ತೆ ಅತ್ತೆ ಅಂದೆ. ಅವರ ಮುಖ ನೋಡಿದ ಮೇಲೆ, ಅದೊಂದು ಹೇಳಬಾರದಿತ್ತೇನೋ ಅನ್ನಿಸಿತು.

ಒಂದು ಮಧ್ಯಾಹ್ನ, ನಾನು ಸೊಪ್ಪು ಸೋಸುತ್ತಿದ್ದಾಗ, ಅವರೇ ಹೇಳಿದರು. ಮಾವ ಕೊನೆಯ ವರ್ಷ ಕುಡಿತ ಬಿಟ್ಟೆ ಅಂದಿದ್ದರಂತೆ. ದೇವಸ್ಥಾನದಲ್ಲಿ ಆಣೆ ಮಾಡಿ ಬಂದಿದ್ದರಂತೆ. ಕಾರ್ಖಾನೆಯ ಡಾಕ್ಟರು ಸಕ್ಕರೆ ಇದೆ ಅಂತ ಮಾತ್ರೆ ಕೊಟ್ಟಿದ್ದರಂತೆ, ಹಳದಿ ಮಾತ್ರೆ. ಕೆಲವು ದಿನ ನೆಟ್ಟಗೆ ಬರುತ್ತಿದ್ದರು, ಕೆಲವು ದಿನ ಹಳೆಯ ಹಾಗೇ ತೂರಾಡುತ್ತಾ ಬರುತ್ತಿದ್ದರು. ಕುಡಿದಿಲ್ಲ ಕಣೇ, ನಿಜವಾಗಲೂ ಕುಡಿದಿಲ್ಲ ಅನ್ನುತ್ತಿದ್ದರು. ಎಷ್ಟೋ ವರ್ಷದಿಂದ ಅದೇ ಮಾತು ಕೇಳಿದ್ದ ಅತ್ತೆ ಆ ವರ್ಷ ಬಾಗಿಲು ತೆಗೆಯುವುದನ್ನು ನಿಲ್ಲಿಸಿದ್ದರು. ಮಾವ ಜಗಲಿಯ ಮೇಲೆ ಮಲಗಿ, ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುತ್ತಿದ್ದರು. ಸತ್ತದ್ದು ಅದರಿಂದಲ್ಲ. ಎಷ್ಟೋ ತಿಂಗಳ ಮೇಲೆ ಎದೆನೋವು ಬಂದು ಆಸ್ಪತ್ರೆಯಲ್ಲಿ ಹೋದರು. ಆದರೆ ಆ ವರ್ಷ ಪೂರ್ತಿ ಅತ್ತೆ ಅವರ ಜೊತೆ ಮಾತಾಡಿರಲಿಲ್ಲ.

"ವಾಸನೆ ನೋಡಲೇ ಇಲ್ಲ ಪದ್ಮಾ ನಾನು. ನೋಡೋದು ಯಾಕೆ, ಗೊತ್ತಲ್ಲ ಅಂತ."

ಬಾಗಿಲ ಹತ್ತಿರ ಸದ್ದಾಯಿತು. ಇವರು ಶೂಟಿಂಗ್ ಬೇಗ ಮುಗಿಸಿ ಬಂದು ಅಲ್ಲೇ ನಿಂತಿದ್ದರು. ಯಾವ ಮಾತಿನಿಂದ ಕೇಳಿಸಿಕೊಂಡರೋ ಗೊತ್ತಿಲ್ಲ. ಒಳಗೆ ಬಂದು ಅಮ್ಮನ ಪಕ್ಕ ನೆಲದ ಮೇಲೆ ಕೂತು, ಸೊಪ್ಪಿನ ಒಂದು ಕಡ್ಡಿ ತಗೊಂಡು ಎಲೆ ಬಿಡಿಸತೊಡಗಿದರು. ಮುಖದಲ್ಲಿ ಏನೂ ಇರಲಿಲ್ಲ.

"ಕುಡಿದಿದ್ರಮ್ಮ ಅವರು. ನಾನೇ ನೋಡಿದೀನಿ. ಆ ವರ್ಷ ಎರಡು ಮೂರು ಸಲ ಮಾಗಡಿ ರಸ್ತೆಯ ಅಂಗಡಿಯಿಂದ ನಾನೇ ಎಬ್ಬಿಸಿಕೊಂಡು ಬಂದು ಜಗಲಿ ಮೇಲೆ ಮಲಗಿಸಿದ್ದು. ನಿನಗೆ ಬೇಜಾರಾಗುತ್ತೆ ಅಂತ ಹೇಳಿರಲಿಲ್ಲ."

ಅತ್ತೆ ಮಗನ ಕಡೆ ತಿರುಗಿದರು.

"ವಾಸನೆ ಬರ್ತಿತ್ತಾ?"

"ಹತ್ತಿರ ಹೋಗೋಕಾಗ್ತಿರಲಿಲ್ಲ."

ನಾನು ತಲೆ ತಗ್ಗಿಸಿ ಸೊಪ್ಪು ನೋಡುತ್ತಿದ್ದೆ. ಮಾವ ತೀರಿಹೋದ ಆ ವರ್ಷ ಇವರು ಬೆಂಗಳೂರಿನಲ್ಲೇ ಇರಲಿಲ್ಲ. ಒಂದು ನಾಟಕ ಕಂಪನಿ ಸೇರಿಕೊಂಡು ಹುಬ್ಬಳ್ಳಿ, ಗದಗದ ಕಡೆ ಊರೂರು ತಿರುಗುತ್ತಿದ್ದರು. ಸುದ್ದಿ ತಲುಪಿ ಇವರು ಬರುವ ಹೊತ್ತಿಗೆ ಮಣ್ಣಾಗಿತ್ತು. ಇದು ನನಗೆ ಹೇಗೆ ಗೊತ್ತು ಅಂದರೆ, ಮಗ ಅಪ್ಪನ ಮುಖ ನೋಡಲಿಲ್ಲ, ಒಂದು ವರ್ಷ ಮನೆ ಕಡೆ ತಲೆ ಹಾಕಲಿಲ್ಲ ಅಂತ ನನಗೆ ಹೇಳಿ ಹೇಳಿ ಅತ್ತವರು ಅತ್ತೆಯೇ.

ಅತ್ತೆ ಬಹಳ ಹೊತ್ತು ಮಗನ ಮುಖ ನೋಡಿದರು. ಇವರೂ ನೋಟ ತಪ್ಪಿಸಲಿಲ್ಲ. ಆಮೇಲೆ ಅತ್ತೆ, ಹೌದಾ, ಹೇಳಿದ್ದು ಒಳ್ಳೇದಾಯ್ತು ಬಿಡು ಅಂದು, ಮಗನ ಮಂಡಿಯ ಮೇಲೆ ಒಮ್ಮೆ ಕೈಯಿಟ್ಟು ತೆಗೆದು, ಎದ್ದು ಮುಖ ತೊಳೆಯಲು ಹೋದರು.

ಮರುವಾರ ಇವರು ನಿರ್ಮಾಪಕರ ಹತ್ತಿರ ಹೋಗಿ, ನಿಂಗಣ್ಣನನ್ನು ಊರಿಗೆ ಕಳಿಸಿಬಿಡಿ, ನನ್ನ ಕೈಲಿ ಇನ್ನು ಆಗಲ್ಲ ಅಂತ ಹೇಳಿ ಬಂದರು. ಅವರು ಬಹಳ ಬುದ್ಧಿ ಹೇಳಿದರಂತೆ. ಜನರ ಮನಸ್ಸಿನಲ್ಲಿ ನೀವು ಅಂದರೆ ನಿಂಗಣ್ಣ, ಅದನ್ನು ಬಿಟ್ಟರೆ ನಿಮ್ಮನ್ನು ಕರೆಯುವವರು ಯಾರು ಅಂದರಂತೆ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆಮೇಲೆ ಬಹಳ ಕಾಲ ಯಾರೂ ಕರೆಯಲಿಲ್ಲ, ನನ್ನ ಟ್ಯೂಷನ್ ಮೇಲೆ ಮನೆ ನಡೆಯಿತು, ಹೊಸಹಳ್ಳಿ ಬಿಟ್ಟು ಈ ಕಡೆ ಬಂದದ್ದೂ ಅದಕ್ಕೇ. ಆ ಪಾತ್ರಕ್ಕೆ ಬೇರೆಯವರು ಬಂದರು, ಅವರು ಚಪ್ಪಲಿಯನ್ನು ಎತ್ತಿ ಎಸೆಯುತ್ತಿದ್ದರು. ನಮ್ಮ ಮನೆಯಲ್ಲಿ ಯಾರೂ ನೋಡಲಿಲ್ಲ.

ಗೌರಿ ಹಬ್ಬಕ್ಕೆ ದೊಡ್ಡ ಮಗನ ಮನೆಯಲ್ಲಿರಬೇಕು ಅಂತ ಅತ್ತೆ ಹೊರಟರು. ಗಾಳಿ ನಿಂತಿತ್ತು, ಸಣ್ಣಗೆ ಮಳೆ ಹಿಡಿದಿತ್ತು. ಇವರು ಆಟೋ ಕರೆತಂದರು. ಡ್ರೈವರ್ ಇನ್ನೂ ಎಳೆಯ ಹುಡುಗ, ಇವರನ್ನು ಕಂಡದ್ದೇ ಅವನ ಮುಖ ಅರಳಿತು. ಚೀಲ ಒಳಗಿಡುತ್ತಾ ಅತ್ತೆಯನ್ನೇ ಮಾತಾಡಿಸಿದ.

"ಅಜ್ಜಿ, ನಿಂಗಣ್ಣನ ತಾಯಿನಾ ನೀವು? ಈಗ ಕಮ್ಮಿ ಮಾಡಿದಾರಾ ಅವರು?"

ನಾನು ಬಾಯಿ ತೆರೆಯುವಷ್ಟರಲ್ಲಿ ಇವರು ನನ್ನ ಕೈ ಹಿಡಿದರು. ಅತ್ತೆ ಸೀಟಿನಲ್ಲಿ ಸರಿಯಾಗಿ ಕೂತು, ಸೆರಗು ಹೊದ್ದುಕೊಂಡು, ಆ ಹುಡುಗನಿಗೆ ತಾಳ್ಮೆಯಿಂದ ಉತ್ತರ ಹೇಳಿದರು.

"ಇಲ್ಲಪ್ಪ. ನನ್ನ ಮಗ ಕುಡಿಯಲ್ಲ. ಅವರಪ್ಪನೂ ಕೊನೇ ವರ್ಷ ಬಿಟ್ಟಿದ್ರು."

ಹುಡುಗ ತಲೆಯಾಡಿಸಿ ಆಟೋ ಶುರು ಮಾಡಿದ. ಅತ್ತೆ ನಮ್ಮ ಕಡೆ ತಿರುಗಲಿಲ್ಲ, ಮುಂದಿನ ರಸ್ತೆ ನೋಡುತ್ತಿದ್ದರು. ಇವರು ಮಳೆಯಲ್ಲೇ ಗೇಟಿನ ಹೊರಗೆ ನಿಂತಿದ್ದರು, ಆಟೋ ತಿರುವು ದಾಟಿದ ಮೇಲೂ.